ಮತ್ತೆ ಮೊಗ್ಗಾಗುವ ಮಾಲೆ

ಹೂವುಗಳು ಮನುಷ್ಯರ ಮನಸ್ಸು ಓದುತ್ತಿದ್ದ ಕಾಲದಲ್ಲಿ ಪರಿಮಳಪುರವೆಂಬ ರಾಜ್ಯವಿತ್ತು. ಅಲ್ಲಿ ಹರೆಯಕ್ಕೆ ಬಂದವರೆಲ್ಲ ಮಲ್ಲಿಗೆ ಮೊಗ್ಗಿನ ಮಾಲೆ ಧರಿಸಬೇಕು. ಯಾರನ್ನಾದರೂ ಬಯಸಿದರೆ ಮೊಗ್ಗು ಅರಳುತ್ತಿತ್ತು, ಮದುವೆ ಗೊತ್ತಾಗುತ್ತಿತ್ತು. ಅರಳದವರನ್ನು ಶಾಪ ತಗುಲಿದವರೆಂದು ಧೂಮಕನೆಂಬ ಮಾಂತ್ರಿಕನ ಗುಹೆಗೆ ಕಳಿಸುತ್ತಿದ್ದರು. ಹೋಗಿ ಬರುತ್ತಿದ್ದವರು ಒಂದು ದಿನ ಮರಳುತ್ತಲೇ ಇರಲಿಲ್ಲ.

ರಾಜಕುಮಾರನ ಹೆಸರೇನೋ ಮದನಕುಮಾರ, ಪಾಡು ಮಾತ್ರ ಯಾರಿಗೂ ಬೇಡ! ಮಂತ್ರಿಯ ಮಗಳು ನಾದವಲ್ಲಿ ದೂರದಲ್ಲಿ ವೀಣೆ ನುಡಿಸಿದರೆ ಅವನ ಮಾಲೆ ಘಮ್ಮೆಂದು ಅರಳುತ್ತಿತ್ತು. ಅವಳೂ ಒಲಿದು ನಕ್ಕಳೋ, ಹೂವೆಲ್ಲ ಮತ್ತೆ ಮೊಗ್ಗು.

"ಹುಡುಗಾಟವೇನೋ ಇದು?" ರಾಜ ಗುಡುಗಿದ.

"ಇಲ್ಲ ಅಪ್ಪಾಜಿ. ಅವಳು ಒಲಿದ ಕೂಡಲೇ ನನ್ನ ಬಯಕೆ ಆರಿಹೋಗುತ್ತದೆ. ಯಾಕೋ ನನಗೇ ತಿಳಿಯದು."

ರಾಜ ಅವನನ್ನೂ ಧೂಮಕನ ಬಳಿಗೆ ಕಳಿಸಿದ. ಗುಹೆಯ ತುಂಬ ಗಿಳಿಗಳ ಪಂಜರ. ಒಂದಕ್ಕೂ ತನ್ನ ಹೆಸರು ನೆನಪಿಲ್ಲ.

"ಒಂದು ನೆನಪು ಕೊಡು, ವಾಸಿ ಮಾಡ್ತೀನಿ" ಎಂದ ಧೂಮಕ. ಮದನಕುಮಾರ ತಾಯಿಯ ಜೋಗುಳ ಕೊಟ್ಟ. ಮಾಂತ್ರಿಕ ಅದನ್ನು ಶೀಶೆಗೆ ತುಂಬಿಟ್ಟ. ಊರಿಗೆ ಬಂದರೆ, ನಾದವಲ್ಲಿ ನಕ್ಕಳು, ಮಾಲೆ ಮೊಗ್ಗಾಯಿತು.

ಎರಡನೆಯ ಸಲ ಮಾವಿನ ಮರದ ಉಯ್ಯಾಲೆಯನ್ನು ಕೊಟ್ಟ. ಆಗಲೂ ಅಷ್ಟೇ. ಅಂದು ತಾಯಿ ಜೋಗುಳ ಗುನುಗುತ್ತಿದ್ದಳು. "ಚೆನ್ನಾಗಿದೆ, ಯಾರ ಹಾಡಮ್ಮ ಅದು?" ಎಂದು ಕೇಳಿಬಿಟ್ಟ. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮೂರನೆಯ ಸಲ ಧೂಮಕ, "ಅಜ್ಜಿಯ ಹಿತ್ತಿಲು ಕೊಡು" ಎಂದ.

ಕೊಡುವ ಮೊದಲು ಮದನಕುಮಾರ ಆ ನೆನಪನ್ನೊಮ್ಮೆ ಕಣ್ತುಂಬ ನೋಡಿಕೊಂಡ. ಇಳಿಬಿಸಿಲು, ಅಜ್ಜಿಯ ಹಳೇ ಸೀರೆಯ ವಾಸನೆ, ಬೇಲಿಯ ಬುಡದಲ್ಲಿ ಮುಟ್ಟಿದರೆ ಮುನಿ ಗಿಡ. ಪುಟ್ಟ ಬೆರಳು ತಾಗಿತು, ಎಲೆಗಳು ಮುಚ್ಚಿದವು.

"ಅಜ್ಜೀ, ಸತ್ತೇ ಹೋಯ್ತು!"

"ಸತ್ತಿಲ್ಲ ಕಂದಾ, ಅದು ಇರೋದೇ ಹಾಗೆ. ಇಲ್ಲಿ ಕೂತು ದೂರದಿಂದ ನೋಡು."

ಎಷ್ಟು ಸುಖವಾಗಿತ್ತು ಆ ಸಂಜೆ! ಮದನಕುಮಾರ ಹಿಂದೆ ಸರಿದ. "ಕೊಡೋದಿಲ್ಲ. ನನಗೆ ರೋಗವೇ ಇಲ್ಲ. ನಾನು ಇರೋದೇ ಹೀಗೆ."

ಧೂಮಕನ ಮಾಯೆಗೆ ಜೀವವಿದ್ದದ್ದು ಜನರ ನಾಚಿಕೆಯಲ್ಲಿ. ನಾಚದೆ ಆಡಿದ ಆ ಮಾತಿಗೆ ಶೀಶೆಗಳೆಲ್ಲ ಒಡೆದವು, ಅವನು ಹೊಗೆಯಾಗಿ ಹೋದ. ನೆನಪೆಲ್ಲ ಕೊಟ್ಟು ಗಿಳಿಗಳಾಗಿದ್ದವರು ಮತ್ತೆ ಮನುಷ್ಯರಾದರು.

"ನನ್ನ ಮಾಲೆ ಅರಳಿದ್ದೇ ಇಲ್ಲ" ಎಂದನೊಬ್ಬ.

"ನನ್ನದು ಅರಳುತ್ತೆ, ವರ್ಷಗಟ್ಟಲೆ ಸ್ನೇಹ ಬೆಳೆದ ಮೇಲೆ" ಎಂದನು ಇನ್ನೊಬ್ಬ.

"ಬೇರೆಯವರ ಪ್ರೇಮದ ಕತೆ ಕೇಳಿದರೆ ನನ್ನದು ಅರಳುತ್ತೆ. ಕತೆಯೊಳಗೆ ನಾನು ಮಾತ್ರ ಇರಬಾರದು" ಎಂದು ಹುಡುಗಿಯೊಬ್ಬಳು ನಕ್ಕಳು.

ಮದನಕುಮಾರ ನಾದವಲ್ಲಿಗೆ ಎಲ್ಲವನ್ನೂ ಹೇಳಿದ. ಅವಳು ಕಣ್ಣೊರೆಸಿಕೊಂಡಳು. "ಮೊದಲೇ ಹೇಳಬಾರದಿತ್ತೇ? ನನ್ನಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ." ಮುಂದೆ ಅವರು ಜೀವದ ಗೆಳೆಯರಾಗಿ ಉಳಿದರು.

ರಾಜ ಮಾಲೆಯ ಕಟ್ಟಳೆ ತೆಗೆದುಹಾಕಿದ. ಬೇಕಾದವರು ಮುಡಿದರು, ಬೇಡವಾದವರು ಬಿಟ್ಟರು, ಪರಿಮಳಪುರದಲ್ಲಿ ಎಲ್ಲರೂ ನೆಮ್ಮದಿಯಾಗಿ ಬಾಳಿದರು. ಗುಹೆಯಿಂದ ಮರಳಿದ ಸಂಜೆ ತಾಯಿ ಹೆದರುತ್ತಲೇ ಜೋಗುಳ ಶುರುಮಾಡಿದಳು. ಕೊನೆಯ ಸಾಲನ್ನು ಮದನಕುಮಾರನೇ ಹಾಡಿದ.