ನೆಲಮಾಳಿಗೆಯ ಬಾಗಿಲು

ಪರವಾನಗಿಯಿಲ್ಲದೆ ಅಗೆಸಿದ ನೆಲಮಾಳಿಗೆಗೆ ಮಣ್ಣು ತುಂಬಿಸು, ಇಲ್ಲದಿದ್ದರೆ ಮನೆ ಕುಸಿದೀತು ಎಂದು ನಗರಸಭೆಯವರು ನನ್ನ ತಮ್ಮನಿಗೆ ಹೇಳಿ ಹೇಳಿ ಸೋತಿದ್ದರು. ಅವನೋ, ಅದಕ್ಕಿದ್ದ ಒಂದೇ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ. ಗಾರೆ ಒಣಗಿದ ಮೇಲೆ ಸುಣ್ಣ ಬಳಿಸಿ, ಮನೆ ಮಾರಲು ನಗದು ಕೊಡುವ ಗಿರಾಕಿಯನ್ನು ಕರೆತಂದ. ಜೊತೆಗೆ ಗಿರಾಕಿಯ ಬಸುರಿ ಹೆಂಡತಿಯೂ ಬಂದಿದ್ದಳು.

ಸುಡುವ ಮಧ್ಯಾಹ್ನದಲ್ಲೂ ಆ ಗೋಡೆ ತಣ್ಣಗೆ ಕೊರೆಯುತ್ತಿತ್ತು. ಅದರ ಹಿಂದೆ ಕರಣೆ ಉಜ್ಜುವ ಸದ್ದು ಕೇಳಿಸಿತು.

“ಒಳಗೆ ಇನ್ನೂ ಕೆಲಸ ನಡೀತಿದೆಯಾ?” ಎಂದಳು ಆಕೆ.

“ಇಲಿ ಕಣಮ್ಮ,” ಎಂದ ತಮ್ಮ.

“ಇಲಿ ಗಾರೆ ಬಳಿಯುತ್ತೇನೋ, ಮಾನಗೆಟ್ಟವನೇ? ಬಸುರಿ ಹೆಂಗಸನ್ನ ಈ ಗುಂಡಿ ಮೇಲೆ ಮಲಗಿಸ್ತೀಯಾ?” ಎಂದೆ ನಾನು.

ನನಗೆ ಮೈಯೆಲ್ಲ ಉರಿದುಹೋಯಿತು. ಹಾರೆ ಎತ್ತಿ ಎಲ್ಲರೆದುರೇ ಗೋಡೆ ಒಡೆದೆ. ಒಳಗೆ ಯಾರೂ ಇರಲಿಲ್ಲ. ಗೋಡೆಯ ಒಳಮೈಗೂ ನುಣ್ಣಗೆ ಗಾರೆ ಬಳಿದಿತ್ತು. ಅದಿನ್ನೂ ಹಸಿಯಾಗಿತ್ತು.