ಅರವತ್ತಮೂರನೆಯ ನಂಬರಿನ ಹಾಜರಿ

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ವೈದ್ಯಕೀಯ ಕಾಲೇಜಿನ ಪ್ರಿನ್ಸಿಪಾಲರು ಠಾಣೆಗೆ ಬಂದರು. ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದರು. ಇನ್‌ಸ್ಪೆಕ್ಟರ್ ತಮ್ಮನ್ನೇ ನೋಡುತ್ತಿದ್ದಾರೆಂದು ತಿಳಿದು ನಾಚಿ, ಅದೇ ಕರವಸ್ತ್ರದಿಂದ ಹಣೆಯನ್ನೂ ಒರೆಸಿಕೊಂಡರು.

"ಮೈಕ್ರೋಸ್ಕೋಪ್ ಕಳುವಾಗಿದೆ ಮೇಡಂ. ಮೂರು. ಹಿತ್ತಾಳೆಯವು, ನೂರು ವರ್ಷದ ಹಿಂದಿನವು."

"ಯಾವಾಗಿನಿಂದ ಕಾಣ್ತಿಲ್ಲ?"

"ಇವತ್ತಿನಿಂದ."

"ನಿನ್ನೆ ಇತ್ತಾ?"

"ನಿನ್ನೆ ಯಾರೂ ನೋಡ್ಲಿಲ್ಲ."

"ಹೋದ ತಿಂಗಳು?"

ಪ್ರಿನ್ಸಿಪಾಲರು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಪಕ್ಕಕ್ಕೆ ಸರಿಸಿದರು. "ಅದು ನಮ್ಮ ಮ್ಯೂಸಿಯಂ ಮೇಡಂ. ಅಲ್ಲಿಗೆ ಯಾರೂ ಹೋಗಲ್ಲ."

ಇವತ್ತು ಹೋಗಿದ್ದಕ್ಕೂ ಕಾರಣವಿತ್ತು. ಬರುವ ಭಾನುವಾರ ಹಳೆ ವಿದ್ಯಾರ್ಥಿಗಳ ಸಮಾವೇಶ. ನಲವತ್ತು ವರ್ಷದ ಹಿಂದೆ ಸೇರಿದ್ದ ಬ್ಯಾಚು ಕಾಲೇಜಿಗೊಂದು ದೊಡ್ಡ ದತ್ತಿನಿಧಿ ಒಪ್ಪಿಸುವುದಿತ್ತು. ವೇದಿಕೆಯ ಮೇಲೆ ಹಿತ್ತಾಳೆ ಮೈಕ್ರೋಸ್ಕೋಪುಗಳನ್ನು ಸಾಲಾಗಿ ಇಟ್ಟರೆ ಫೋಟೋಗೆ ಚೆನ್ನಾಗಿರುತ್ತದೆ ಎಂದು ಯಾರಿಗೋ ಹೊಳೆದಿತ್ತು.

"ಈ ನಿಧಿ ಅಂದ್ರೆ?"

"ಅಸಲು ಮುಟ್ಟೋ ಹಾಗಿಲ್ಲ ಮೇಡಂ. ಬರೋ ಬಡ್ಡೀಲಿ ಒಬ್ಬ ಪ್ರೊಫೆಸರ್ ಸಂಬಳ, ಹತ್ತು ಬಡ ಮಕ್ಕಳ ಫೀಸು. ಕಾಲೇಜು ಇರೋ ತನಕ."

"ಹಾಲು ಕರೀಬೋದು, ಹಸು ಮಾರೋ ಹಾಗಿಲ್ಲ."

"ಅಷ್ಟೇ ಅಷ್ಟೇ," ಎಂದರು ಪ್ರಿನ್ಸಿಪಾಲರು. ಮುಂದೆ ಯಾವುದಾದರೂ ಭಾಷಣದಲ್ಲಿ ಈ ಮಾತು ಬಳಸಿಕೊಳ್ಳುವ ಲಕ್ಷಣ ಅವರ ಮುಖದಲ್ಲಿತ್ತು.

ಹನ್ನೊಂದೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮ್ಯೂಸಿಯಂಗೆ ಹೋದರು, ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಈತ ಬರೆದ ಪ್ರತಿಯೊಂದು ಪಂಚನಾಮೆಯೂ 'ಸಮಯ ಸುಮಾರು' ಎಂದೇ ಶುರುವಾಗುತ್ತಿದ್ದುದರಿಂದ ಠಾಣೆಯಲ್ಲಿ ಎಲ್ಲರಿಗೂ ಸುಮಾರಣ್ಣ. ಲೈಬ್ರರಿಯನ್ ಮತ್ತು ಕಾವಲುಗಾರ ಇಬ್ಬರನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಸುಮಾರಣ್ಣ ಬರೆಯಲು ಕೂತ.

ಉದ್ದನೆಯ ಕೋಣೆ. ಸೀಸೆಗಳಲ್ಲಿ ತೇಲುವ ಅಂಗಗಳ ಮೇಲೆ ಧೂಳು, ಗೋಡೆಯ ಮೇಲಿನ ಹಳೆ ಪ್ರೊಫೆಸರುಗಳ ಮೇಲೂ ಅಷ್ಟೇ ಧೂಳು. ಕೊನೆಯ ಕಪಾಟಿನ ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ಎಳೆದರೆ ಬಿಚ್ಚಿಕೊಳ್ಳುವ ಬೀಗಕ್ಕೆ ಮುರಿಸಿಕೊಳ್ಳುವ ಅವಕಾಶವೇ ಬಂದಿರಲಿಲ್ಲ. ಒಳಗೆ ಉಳಿದ ಎಂಟು ಮೈಕ್ರೋಸ್ಕೋಪುಗಳನ್ನು ಜಾಗ ಖಾಲಿ ಕಾಣದಂತೆ ಸಮ ಅಂತರದಲ್ಲಿ ಸರಿಸಿ ಇಡಲಾಗಿತ್ತು. ಇಡೀ ಕೋಣೆಯಲ್ಲಿ ಹೊಳೆಯುತ್ತಿದ್ದುದು ಆ ಎಂಟೇ.

"ಬೆರಳಚ್ಚು ಸಿಗಬಾರದು ಅಂತ ಒರೆಸಿದಾನೆ ಮೇಡಂ," ಎಂದ ಸುಮಾರಣ್ಣ.

ಇನ್‌ಸ್ಪೆಕ್ಟರ್ ಒಂದರ ತಿರುಪು ತಿರುಗಿಸಿದರು. ಬೆಣ್ಣೆಯ ಹಾಗೆ ತಿರುಗಿತು. "ಬೆರಳಚ್ಚು ಅಳಿಸೋನು ಎಣ್ಣೆಯನ್ನೂ ಬಿಡ್ತಾನಾ? ಅದೂ ಬಿಟ್ಟು ಹೋಗೋ ಸಾಮಾನಿಗೆ?"

ಕಾವಲುಗಾರನ ಕಡೆ ತಿರುಗಿದರು. "ಇಲ್ಲಿಗೆ ಯಾರು ಬರ್ತಾರೆ?"

"ಯಾರೂ ಬರಲ್ಲ ಮೇಡಂ. ಹಳೆ ಸ್ಟೂಡೆಂಟ್ ಡಾಕ್ಟ್ರು ಯಾರಾದ್ರೂ ಬಂದ್ರೆ ಬಿಡ್ತೀವಿ."

"ಬ್ಯಾಗ್ ನೋಡ್ತೀಯಾ?"

"ಡಾಕ್ಟ್ರ ಬ್ಯಾಗಾ?" ಕಾವಲುಗಾರ ನಿಜವಾಗಿ ನೊಂದುಕೊಂಡ.

ಮಂಗಳವಾರ ಸುಮಾರಣ್ಣ ಹಳೆ ಸಾಮಾನಿನ ಬೀದಿಗೆ ಹೋದವನು ಊಟದ ಹೊತ್ತಿಗೇ ಫೋನ್ ಮಾಡಿದ. ನಾಲ್ಕನೆಯ ಅಂಗಡಿಯಲ್ಲಿ ಮೂರೂ ಸಿಕ್ಕಿದ್ದವು. ಇನ್‌ಸ್ಪೆಕ್ಟರ್ ಹೋದಾಗ ಅಂಗಡಿಯವನು ಆಗಲೇ ಬೆವತು ಹೋಗಿದ್ದ.

"ಕಳ್ಳ ಮಾಲು ಅಂತ ಗೊತ್ತಾಗ್ಲಿಲ್ವಾ?"

"ಹೇಗೆ ಗೊತ್ತಾಗ್ಬೇಕು ಮೇಡಂ? ಅರವತ್ತರ ಹತ್ರದ ಮನುಷ್ಯ, ಇಸ್ತ್ರಿ ಮಾಡಿದ ಷರಟು, ಮೆಲ್ಲಗೆ ಮಾತು. ಮೂರು ಸಲ ಬಂದ್ರು, ಸಲಕ್ಕೊಂದು. ಮೂರಕ್ಕೂ ಸೇರಿ ಒಂದು ಲಕ್ಷ ಮಾತಾಯ್ತು. ಇನ್ನೂ ಇದ್ರೆ ತನ್ನಿ ಅಂದೆ. ಮೂರು ಸಾಕು ಅಂದ್ರು. ಸಾಕು ಅನ್ನೋ ಕಳ್ಳನ್ನ ನೀವು ನೋಡಿದೀರಾ?"

"ದುಡ್ಡು ಹೇಗೆ ಕೊಟ್ಟೆ?"

"ಚೆಕ್ಕು. ನಗದು ಕೊಡ್ತೀನಿ ಅಂದೆ, ಬೇಡ ಅಂದ್ರು."

"ಯಾರ ಹೆಸರಿಗೆ?"

ಅಂಗಡಿಯವನು ಚೆಕ್ ಪುಸ್ತಕದಲ್ಲಿ ಉಳಿದಿದ್ದ ಕೌಂಟರ್‌ಫಾಯಿಲ್ ತೆಗೆದು ತೋರಿಸಿದ. ಇನ್‌ಸ್ಪೆಕ್ಟರ್ ಓದಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. ಚೆಕ್ಕು ಹೋಗಿದ್ದುದು ವೈದ್ಯಕೀಯ ಕಾಲೇಜಿನ ಹಳೆ ವಿದ್ಯಾರ್ಥಿಗಳ ದತ್ತಿನಿಧಿಗೆ.

"ಅಂದ್ರೆ ಮೇಡಂ," ಸುಮಾರಣ್ಣ ಪೆನ್ನು ಕೆಳಗಿಟ್ಟ, "ಕಾಲೇಜಿನ ಸಾಮಾನು ಕದ್ದು, ಮಾರಿ, ಕಾಲೇಜಿಗೇ ದಾನ ಮಾಡಿದಾನೆ. ಇದನ್ನ ನಾನು ಹೇಗೆ ಬರೀಲಿ?"

"ನಡೆದ ಹಾಗೇ ಬರಿ."

ಮೈಕ್ರೋಸ್ಕೋಪುಗಳು ಜಪ್ತಿಯಾದವು. ಚೆಕ್ಕು ಯಾರ ದೇಣಿಗೆಯಾಗಿ ಜಮೆಯಾಗಿದೆ ಎಂದು ತಿಳಿಯಲು ಇನ್‌ಸ್ಪೆಕ್ಟರ್ ಬುಧವಾರ ಆ ಬ್ಯಾಚಿನ ಕಾರ್ಯದರ್ಶಿಯ ಬಳಿಗೆ ಹೋದರು. ಆತ ಚರ್ಮರೋಗದ ಡಾಕ್ಟರು. ದುಂಡಗಿನ, ನಗುಮುಖದ ಮನುಷ್ಯ. ಮಾತಾಡುವಾಗ ಎದುರಿಗಿದ್ದವರ ಕೆನ್ನೆಯ ಮಚ್ಚೆಯನ್ನು ಪರೀಕ್ಷಿಸುತ್ತಿರುವಂತೆ ಕಾಣುತ್ತಿತ್ತು.

"ಓ, ಅದು ನಮ್ಮ ಅರವತ್ತಮೂರು! ಅವನ ಪರವಾಗಿ ಯಾರೋ ವ್ಯಾಪಾರಿ ಚೆಕ್ ಕಳಿಸಿದ್ರು. ಯಾಕೆ, ಏನಾಯ್ತು?"

"ಅರವತ್ತಮೂರು ಅಂದ್ರೆ?"

"ರೋಲ್ ನಂಬರು. ನಮ್ಮಲ್ಲಿ ಒಂದು ಪದ್ಧತಿ ಇದೆ ಮೇಡಂ. ಸಮಾವೇಶದ ದಿನ ಮೊದಲ ವರ್ಷದ ಅನಾಟಮಿ ಹಾಜರಿ ಕೂಗ್ತೀವಿ. ನಮ್ಮ ಪ್ರೊಫೆಸರಿಗೆ ಈಗ ತೊಂಬತ್ತು, ಅವರೇ ಕೂಗ್ತಾರೆ. ನಂಬರು ಬಂದ ತಕ್ಷಣ ಎದ್ದು 'ಪ್ರೆಸೆಂಟ್ ಸರ್' ಅನ್ನಬೇಕು, ಕೊಡೋ ಮೊತ್ತ ಹೇಳಬೇಕು. ತೀರಿಹೋದವರ ನಂಬರಿಗೆ ಎಲ್ಲರೂ ಸೇರಿ ಪ್ರೆಸೆಂಟ್ ಅಂತೀವಿ. ಕಣ್ಣಲ್ಲಿ ನೀರು ಬರುತ್ತೆ, ವಸೂಲಿಯೂ ಚೆನ್ನಾಗಾಗುತ್ತೆ."

ಈ ಸಲ ವಿಶೇಷವೊಂದಿತ್ತು. ಬ್ಯಾಚಿನಲ್ಲಿ ಹಣವಂತನಾದ ಒಬ್ಬ, ಸೇರಿದ ಹಣಕ್ಕೆ ಅಷ್ಟೇ ಹಣ ತಾನೂ ಹಾಕುವುದಾಗಿ ಹೇಳಿದ್ದ. ಆದರೆ ಬದುಕಿರುವ ಪ್ರತಿಯೊಬ್ಬರೂ ಕೊಟ್ಟಿರಬೇಕು. ಒಬ್ಬ ತಪ್ಪಿದರೂ ಅವನು ಕಾಸು ಬಿಚ್ಚುವುದಿಲ್ಲ. ತಲೆಗೆ ಕನಿಷ್ಠ ಒಂದು ಲಕ್ಷ ಎಂದು ಕಾರ್ಯದರ್ಶಿ ನಿಗದಿ ಮಾಡಿದ್ದರು.

"ಈ ಸಲ ಎಲ್ಲರೂ ಮುಂಚೆಯೇ ಕೊಟ್ರು, ಇವನೊಬ್ಬನೇ ಉಳಿದಿದ್ದ. ಪಾಪ, ಯಾವುದೋ ಸಣ್ಣ ಊರಲ್ಲಿ ಪ್ರಾಕ್ಟೀಸು. ಸಮಾವೇಶ ಮಾತ್ರ ಇಪ್ಪತ್ತು ವರ್ಷದಿಂದ ಒಂದೂ ತಪ್ಪಿಸಿಲ್ಲ. ಸಂಕೋಚದ ಮನುಷ್ಯ ಮೇಡಂ. ಎಷ್ಟು ಅಂದ್ರೆ, ಹೋದ ವರ್ಷ ತುರಿಕೆ ಅಂತ ನನ್ನ ಹತ್ರ ಬಂದ. ನೋಡಿ ಕಳಿಸಿದೆ. ಹೊರಗೆ ಹೋಗಿ ಕೌಂಟರಲ್ಲಿ ಫೀಸು ಕಟ್ಟಿದಾನೆ!" ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೆ! ಫೀಸು!"

"ಕಟ್ಟಿದ್ರೆ ಏನಾಯ್ತು?"

"ಡಾಕ್ಟರು ಡಾಕ್ಟರ ಹತ್ರ ಫೀಸು ತಗೋಳೋದೂ ಇಲ್ಲ, ಕೊಡೋದೂ ಇಲ್ಲ ಮೇಡಂ. ಗುರುತು ಪರಿಚಯ ಇಲ್ದಿದ್ರೂ ಸರಿ. ಕೊಟ್ರೆ ಮುಖಕ್ಕೆ ಹೊಡೆದ ಹಾಗೆ. ಇದನ್ನ ಯಾರೂ ಹೇಳಿಕೊಡಲ್ಲ, ಹೌಸ್ ಸರ್ಜನ್ ಆಗೋ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತೆ."

ಡಾಕ್ಟರು ಇನ್ನೂ ನಗುತ್ತಿದ್ದರು. ಇನ್‌ಸ್ಪೆಕ್ಟರ್ ನಗಲಿಲ್ಲ.

"ಅವರು ಯಾವತ್ತಾದ್ರೂ ತಮ್ಮ ರೋಗಿಗಳ ಬಗ್ಗೆ ಮಾತಾಡಿದಾರಾ?"

ಡಾಕ್ಟರ ನಗು ನಿಧಾನವಾಗಿ ನಿಂತಿತು. "ಇಲ್ಲ. ಅವನು ಯಾವಾಗಲೂ ಡಿಸೆಕ್ಷನ್ ಹಾಲಿಂದೇ ಹೇಳ್ತಾನೆ. ಯಾರು ತಲೆ ತಿರುಗಿ ಬಿದ್ರು, ಯಾರು ಮೂಳೆ ಮನೆಗೆ ಒಯ್ದು ಅಮ್ಮನ ಹತ್ರ ಬೈಸಿಕೊಂಡ್ರು... ನಮಗೆ ಮರೆತಿದ್ದೆಲ್ಲ ಅವನಿಗೆ ನೆನಪು."

"ಡಿಸೆಕ್ಷನ್ ಯಾವ ವರ್ಷ?"

"ಮೊದಲನೇ ವರ್ಷ," ಎಂದವರು ಅವನ ಫೋನ್ ನಂಬರು ಬರೆದು ಕೊಟ್ಟರು.

ಕಾಲೇಜಿನ ಕಚೇರಿಯಲ್ಲಿ ಉಳಿದದ್ದು ತಿಳಿಯಿತು. ಅರವತ್ತಮೂರನೆಯ ನಂಬರಿನ ಹುಡುಗ ಮೊದಲ ವರ್ಷದ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಕಾಲೇಜು ಬಿಟ್ಟಿದ್ದ. ಕಾರ್ಯದರ್ಶಿ ಕೊಟ್ಟ ಫೋನ್ ನಂಬರಿನ ವಿಳಾಸವೂ ಸಿಕ್ಕಿತು. ಆ ಸಣ್ಣ ಊರು ಇದೇ ಊರು. ಕಾಲೇಜಿನ ಗೇಟಿನಿಂದ ಅರ್ಧ ಗಂಟೆಯ ನಡಿಗೆ.

ಬುಧವಾರ ಸಂಜೆ ಕ್ವಾರ್ಟರ್ಸಿಗೆ ಹೋದ ಮೇಲೆ ಇನ್‌ಸ್ಪೆಕ್ಟರ್ ಫೋನು ತೆರೆದರು. ಪೊಲೀಸ್ ತರಬೇತಿಯ ಬ್ಯಾಚಿನವರ ಗುಂಪಿನಲ್ಲಿ ಯಾರದೋ ಮಗಳ ಮದುವೆ, ಇನ್ಯಾರಿಗೋ ಬಡ್ತಿ. ಎಲ್ಲವನ್ನೂ ಓದಿದರು. ಒಂದು ಅಭಿನಂದನೆ ಬರೆದರು, ಇವರು ಯಾರು ಎಂದು ಯಾರಾದರೂ ಕೇಳಿಬಿಟ್ಟರೆ ಎನ್ನಿಸಿ ಅಳಿಸಿದರು.

ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಜೀಪು ಆ ವಿಳಾಸದ ಟಯರ್ ಅಂಗಡಿಯ ಮುಂದೆ ನಿಂತಿತು.

"ಲೆಕ್ಕದ ಸಾರಾ?" ಟಯರಿನವನು ಕೈ ಒರೆಸಿಕೊಂಡ. "ಮೇಲಿನ ರೂಮು. ಮರದ ಡಿಪೋದಲ್ಲಿ ಲೆಕ್ಕ ಬರೀತಿದ್ರು, ಈಗ ರಿಟೈರು. ಯಾಕೆ ಮೇಡಂ? ಹದಿನೈದು ವರ್ಷದಲ್ಲಿ ಅವರನ್ನ ಕೇಳ್ಕೊಂಡು ಬಂದೋರು ನೀವೇ ಮೊದಲು."

"ಡಾಕ್ಟ್ರು ಅಂತಾರಲ್ಲ?"

"ಯಾರು, ಅವರಾ?" ಟಯರಿನವನು ನಕ್ಕ. "ಅವರಿಗೆ ನೆಗಡಿ ಆದ್ರೆ ನನ್ನ ಹತ್ರ ಮಾತ್ರೆ ಕೇಳ್ತಾರೆ."

ಮೇಲೆ ಬಾಗಿಲು ತೆರೆದ ಮನುಷ್ಯ ಸಮವಸ್ತ್ರ ಕಂಡು ಗಾಬರಿಯಾಗಲಿಲ್ಲ. ಅತಿಥಿ ಬಂದಾಗ ಮನೆ ಅಸ್ತವ್ಯಸ್ತವಾಗಿದ್ದರೆ ಆಗುವಷ್ಟು ಮುಜುಗರ ಮಾತ್ರ ಆಯಿತು.

"ಬನ್ನಿ. ಕುರ್ಚಿ ಒಂದೇ ಇದೆ."

ಇನ್‌ಸ್ಪೆಕ್ಟರ್ ಕೂತರು. ಆತ ನಿಂತ. ಒಂಟಿ ಮಂಚ, ಒಂದು ತಟ್ಟೆ, ಒಂದು ಲೋಟ. ಗೋಡೆಯ ಮೊಳೆಗೆ ಭಾನುವಾರಕ್ಕೆಂದು ಇಸ್ತ್ರಿ ಮಾಡಿಸಿದ ಕೋಟು ತೂಗುತ್ತಿತ್ತು.

"ಮೈಕ್ರೋಸ್ಕೋಪ್ ನೀವು ತಗೊಂಡಿರಾ?"

"ಹೌದು."

"ಎಷ್ಟು?"

"ಮೂರು. ಒಂದು ಲಕ್ಷಕ್ಕೆ ಮೂರು ಸಾಕಾಯ್ತು."

"ಉಳಿದವನ್ನ ಯಾಕೆ ಒರೆಸಿದ್ರಿ?"

"ಧೂಳು ಹಿಡಿದಿತ್ತು ಮೇಡಂ. ಒಂದನೇ ವರ್ಷದಲ್ಲಿ ನಮಗೆ ಅದರಲ್ಲೇ ಸ್ಲೈಡ್ ತೋರಿಸ್ತಿದ್ರು."

"ಡಾಕ್ಟರು ಅಂತ ಯಾಕೆ ಹೇಳಿಕೊಂಡ್ರಿ?"

"ನಾನು ಹೇಳಲಿಲ್ಲ," ಎಂದ ಆತ. "ಇಲ್ಲ ಅಂತಲೂ ಹೇಳಲಿಲ್ಲ."

ಇಪ್ಪತ್ತು ವರ್ಷದ ಹಿಂದೆ ಮೊದಲ ಸಮಾವೇಶದ ಸುದ್ದಿ ಪತ್ರಿಕೆಯಲ್ಲಿ ಓದಿ, ದೂರದಿಂದ ನೋಡಿ ಬರೋಣವೆಂದು ಹೋಗಿದ್ದ. ಸಭಾಂಗಣದ ಹಿಂದಿನ ಬಾಗಿಲಲ್ಲಿ ನಿಂತಿದ್ದಾಗ ಹಾಜರಿ ಶುರುವಾಯಿತು. ಅದು ಮೊದಲ ವರ್ಷದ ಹಾಜರಿಯಾದ್ದರಿಂದ ಬಿಟ್ಟು ಹೋದವನ ನಂಬರೂ ಅದರಲ್ಲಿತ್ತು. ಅರವತ್ತಮೂರು ಎಂದು ಅನಾಟಮಿ ಪ್ರೊಫೆಸರರ ಅದೇ ಗಂಟಲು ಕೂಗಿತು. ತಡೆಯುವ ಮೊದಲೇ ಬಾಯಿ ಪ್ರೆಸೆಂಟ್ ಅಂದುಬಿಟ್ಟಿತು. ಯಾರೋ ಬಂದು ತಬ್ಬಿಕೊಂಡರು. ಎಲ್ಲಯ್ಯಾ ಇದ್ದೆ ಇಷ್ಟು ದಿನ, ಎಲ್ಲಿ ಪ್ರಾಕ್ಟೀಸು ಎಂದರು. ಸಣ್ಣ ಊರು ಎಂದ.

"ಆಮೇಲೆ ವರ್ಷಕ್ಕೊಂದು ದಿನ ಹೋಗ್ತಿದ್ದೆ. ಕೈಲಾದಷ್ಟು ಕೊಡ್ತಿದ್ದೆ, ನನ್ನ ಸಂಬಳದಲ್ಲೇ. ಯಾರಿಗೂ ಮದ್ದು ಕೊಟ್ಟಿಲ್ಲ ಮೇಡಂ, ಒಂದು ಮಾತ್ರೆ ಕೂಡ ಇಲ್ಲ. ಬೇಕಾದ್ರೆ ವಿಚಾರಿಸಿ."

"ವಿಚಾರಿಸಿದೆ. ಈ ಸಲ ಆಗಲ್ಲ ಅನ್ನಬಹುದಿತ್ತು."

"ನಾನು ಕೊಡದಿದ್ರೆ ಎಲ್ಲರದೂ ಹೋಗುತ್ತೆ ಅಂದ್ರು. ಕಷ್ಟ ಇದ್ರೆ ಹೇಳು, ನಿನ್ನ ಪಾಲು ನಾವು ಹಾಕ್ತೀವಿ ಅಂದ ಆ ಚರ್ಮದವನು. ಒಳ್ಳೆಯವನು ಮೇಡಂ. ಮನೆಗೇ ಬಂದು ಮಾತಾಡ್ತೀನಿ ಅಂದ." ಆತ ಕೋಣೆಯನ್ನು ಒಮ್ಮೆ ನೋಡಿದ. "ಮನೆಗೇ ಬರ್ತೀನಿ ಅಂದ."

"ಅದಕ್ಕೆ ಕಾಲೇಜಿನ ಸಾಮಾನಿಗೇ ಕೈ ಹಾಕಿದ್ರಾ?"

"ಹೊರಗಿನವರ ಮನೆ ಸಾಮಾನಾದ್ರೆ ಕಳ್ಳತನ ಆಗ್ತಿತ್ತು."

"ಇದೂ ಕಳ್ಳತನವೇ."

"ಹೌದಲ್ಲ," ಎಂದ ಆತ, ಸಭ್ಯತೆಯಿಂದ. "ಭಾನುವಾರ ಹತ್ತೂವರೆಗೆ ಹಾಜರಿ. ಅದು ಮುಗಿದ ಮೇಲೆ ನಾನೇ ಠಾಣೆಗೆ ಬರ್ತೀನಿ."

"ಆಗಲ್ಲ," ಎಂದರು ಇನ್‌ಸ್ಪೆಕ್ಟರ್. ಕೋಟು ಮೊಳೆಯಲ್ಲೇ ಉಳಿಯಿತು. ಹತ್ತು ಗಂಟೆಗೆ ದಸ್ತಗಿರಿ ಆಯಿತು. ಕೈಕೋಳ ಬೇಡವೆಂದು ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತಿದ್ದ ಸುಮಾರಣ್ಣನಿಗೆ ಕಣ್ಣಲ್ಲೇ ಹೇಳಿದರು. ಮೆಟ್ಟಿಲು ಇಳಿಯುವಾಗ ಸುಮಾರಣ್ಣ, ಮಗಳ ಮನೆಗೆ ಹೊರಟ ಅಪ್ಪನನ್ನು ಹಿಡಿದುಕೊಳ್ಳುವಂತೆ ಅವನ ತೋಳು ಹಿಡಿದುಕೊಂಡ.

ಸಂಜೆ ಐದಕ್ಕೆ ಕಾರ್ಯದರ್ಶಿ ಠಾಣೆಗೆ ಬಂದರು. ಈಗ ಯಾರ ಮಚ್ಚೆಯನ್ನೂ ನೋಡುತ್ತಿರಲಿಲ್ಲ.

"ಬೆಳಗ್ಗೆ ಸುದ್ದಿ ಕೇಳಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ ಮೇಡಂ? ಅವನು ಡಾಕ್ಟರಲ್ಲ ಅಂದ್ರೆ ನಮ್ಮವನಲ್ಲ, ಲೆಕ್ಕದಿಂದ ತೆಗೆದ್ರೆ ಆಯ್ತು, ಆ ಸಾಹುಕಾರ ಹಾಕೋ ದುಡ್ಡು ಉಳಿಯುತ್ತೆ ಅಂತ. ಮನುಷ್ಯ ಎಷ್ಟು ಬೇಗ ಲೆಕ್ಕ ಹಾಕ್ತಾನೆ ನೋಡಿ."

"ತೆಗೆದ್ರಾ?"

"ತೆಗೆಯೋಕೆ ಆಗಲ್ಲ. ಸಂಘದ ನಿಯಮ ಓದಿದೆ. ನಮ್ಮಲ್ಲಿ ಯಾರೂ ಓದಿರಲಿಲ್ಲ. ಒಂದು ದಿನವಾದರೂ ಕಾಲೇಜಿಗೆ ದಾಖಲಾದವರೆಲ್ಲ ಹಳೆ ವಿದ್ಯಾರ್ಥಿಗಳೇ. ಪಾಸಾಗಬೇಕು ಅಂತ ಎಲ್ಲೂ ಇಲ್ಲ." ಡಾಕ್ಟರು ತಮ್ಮ ಅಂಗೈ ನೋಡಿಕೊಂಡರು. "ಇನ್ನೊಂದು. ಆ ಸಾಹುಕಾರ ಕೇಳಿದ್ದು ಎಲ್ಲರೂ ಕೊಡಬೇಕು ಅಂತ ಮಾತ್ರ. ಒಂದು ಲಕ್ಷ ಅಂತ ಗೆರೆ ಎಳೆದೋನು ನಾನು. ಅವನು ಇಷ್ಟು ವರ್ಷ ಕೊಟ್ಟ ಚಿಲ್ಲರೆಯೇ ಸಾಕಾಗಿತ್ತು."

"ಭಾನುವಾರ ಅವರ ನಂಬರು ಬಂದಾಗ?"

"ಸಾರ್ ಕೂಗ್ತಾರೆ. ರಜಾ ಅಂತ ನಾನು ಹೇಳ್ತೀನಿ."

ನೋಡಿ ಹೋಗುತ್ತೀರಾ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಡಾಕ್ಟರು ಎದ್ದರು, ಕಂಬಿಗಳ ಕಡೆ ಎರಡು ಹೆಜ್ಜೆ ಹಾಕಿದರು. ಇವತ್ತು ಬೇಡ, ಅವನಿಗೆ ಸಂಕೋಚ ಎಂದು ಹೇಳಿ ಹೊರಟುಹೋದರು.

ಇನ್‌ಸ್ಪೆಕ್ಟರ್ ತಾವೇ ಹೋಗಿ ಆತನಿಗೆ ಎಲ್ಲವನ್ನೂ ಹೇಳಿದರು. ನಿಯಮ, ಒಂದು ಲಕ್ಷ, ಎರಡನ್ನೂ. ಆತ ಕಿವಿಗೊಟ್ಟು ಕೇಳಿದ, ಪಾಠ ಕೇಳುವವನಂತೆ.

"ಫೇಲಾದೋರೂನಾ ಮೇಡಂ?"

"ಫೇಲಾದೋರೂ. ಒಂದು ಮಾತು ಕೇಳಿದ್ರೆ ಆಗ್ತಿತ್ತು ನೀವು."

"ಯಾರನ್ನ?" ಎಂದ ಆತ. ವ್ಯಂಗ್ಯವೇನೂ ಇರಲಿಲ್ಲ. ಉತ್ತರ ಬರಬಹುದೆಂದು ಆಕೆಯ ಮುಖವನ್ನೇ ನೋಡುತ್ತಿದ್ದ.

ವರದಿಯಲ್ಲಿ ಅಪರಾಧದ ಉದ್ದೇಶವೆಂಬ ಜಾಗದಲ್ಲಿ ಸುಮಾರಣ್ಣ ಅಭ್ಯಾಸದಂತೆ 'ಹಣದ ದುರಾಸೆ' ಎಂದು ಬರೆದಿಟ್ಟಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ, ವರ್ಷಕ್ಕೊಮ್ಮೆ ತನ್ನ ನಂಬರನ್ನು ಯಾರಾದರೂ ಕೂಗುವುದನ್ನು ಕೇಳುವ ಸಲುವಾಗಿ ಎಂದು ಬರೆದು ಸಹಿ ಮಾಡಿದರು.