ತಿರುಗಿ ಬಂದ ಮೂಲೆಗಲ್ಲು

“ಮುಟ್ಟಬೇಡ ಕಣೋ ಐವಿಂದ. ನನ್ನ ಗಂಡನ ರಕ್ತ ಹಚ್ಚಿ, ಕೆಳಗೆ ಇದ್ದಿಲು ಹೂತು, ಮಂತ್ರ ಹಾಕಿ ಮೂಲೆಗೆ ನೆಟ್ಟ ಗಡಿಕಲ್ಲು ಅದು. ಎತ್ತಿದೋನ ಬೆನ್ನು ಬಿಡಲ್ಲ,” ಎಂದಳು ಪಕ್ಕದ ಜಮೀನಿನ ಮಾರ್ತೆ ಮುದುಕಿ.

ಐವಿಂದ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಜ್ಜಿ, ನಾರ್ವೆಯ ದೆವ್ವಕ್ಕೆ ಹಡಗಿನ ಟಿಕೆಟ್ ಯಾರು ಕೊಡಿಸಿದ್ರು? ಸಮುದ್ರ ದಾಟೋವಾಗ ನಾನೇ ವಾಂತಿ ಮಾಡ್ಕೊಂಡು ಅರ್ಧ ಸತ್ತಿದ್ದೆ. ಅದು ಹೇಗೆ ಬದುಕಿ ಬಂತು?”

ಮುದುಕಿ ನಗಲಿಲ್ಲ. “ನೀರು ಬೇಕಾದ್ರೆ ಕೇಳು, ದಿನಾ ಕೊಡ್ತೀನಿ. ನೆಲ ಕದೀಬೇಡ.”

ಕೇಳಿ ಪಡೆಯುವ ಜಾತಿಯಲ್ಲ ಐವಿಂದ್. ನಾರ್ವೆ ಬಿಟ್ಟು ಅಮೆರಿಕದ ಡಕೋಟ ಬಯಲಿಗೆ ಬಂದು ಹತ್ತು ತಿಂಗಳಾಗಿತ್ತು. ಐದು ವರ್ಷ ಉತ್ತು, ಅಲ್ಲೇ ಬಾಳಿದರೆ ಸರ್ಕಾರ ಭೂಮಿಯನ್ನು ಬರೆದುಕೊಡುತ್ತಿತ್ತು. ಆದರೆ ಅವನ ಬಾವಿಯಲ್ಲಿ ಬಂದದ್ದು ಉಪ್ಪುನೀರು. ಸಿಹಿನೀರಿನ ಊಟೆ ಇದ್ದದ್ದು ಗಡಿಕಲ್ಲಿನ ಆಚೆ, ಮುದುಕಿಯ ಕಡೆ.

ಬಂಡಿಯ ಚಕ್ರಕ್ಕೆ ಕೆಂಪು ಚಿಂದಿ ಕಟ್ಟಿ, ಅದು ಎಷ್ಟು ಸಲ ಮೇಲೆ ಬಂತೆಂದು ಎಣಿಸಿ ನೆಲ ಅಳೆಯುವುದು ಅಲ್ಲಿಯವರ ಪದ್ಧತಿ. ಎಣಿಸುವುದು ಅವನ ಏಳು ವರ್ಷದ ಮಗಳು ಓಸ್ನೆಯ ಕೆಲಸ. ಬೆರಳು ಮಡಚಿ, ರಾಗವಾಗಿ ಎಣಿಸುತ್ತಿದ್ದಳು. ಮನೆಬಾಗಿಲಿಂದ ಕಲ್ಲಿಗೆ ನಲವತ್ತು ಸುತ್ತು. ಐವಿಂದ್ ಒಂದು ಮಧ್ಯಾಹ್ನ ಕಲ್ಲನ್ನು ಕಿತ್ತು, ಊಟೆ ದಾಟಿಸಿ, ಅರವತ್ತಕ್ಕೆ ನೆಟ್ಟ.

ಹಿಂದಿರುಗಿ ನೋಡಿದರೆ ಮಾರ್ತೆ ಕಲ್ಲು ಕಿತ್ತ ಹಳೆಯ ಗುಂಡಿಯ ಅಂಚಿನಲ್ಲಿ ನಿಂತಿದ್ದಳು.

“ಕಳ್ಳ! ಊರೂರಿಗೂ ಹೋಗಿ ಹೇಳ್ತೀನಿ!”

ಕೈಯಲ್ಲಿದ್ದ ಸನಿಕೆ ಹಿಡಿದೇ ಅವಳತ್ತ ಓಡಿದ. ಮೊದಲ ಏಟಿಗೆ ಅವಳ ಭುಜ ಮುರಿಯಿತು. ಎರಡನೆಯದಕ್ಕೆ ತಲೆ ಸೀಳಿತು. ಬಿದ್ದವಳ ಬಾಯಿಂದ ರಕ್ತದ ಜೊತೆ ಮಾತೂ ಬಂತು: “ತಗೊಂಡಲ್ಲೇ ಇಡ್ತೀಯ. ನೀನೇ ಹೊತ್ಕೊಂಡು ಬಂದು ಇಡ್ತೀಯ.” ಮೂರನೆಯ ಏಟು ಹಾಕಿ ಅವಳನ್ನು ಅದೇ ಗುಂಡಿಗೆ ತಳ್ಳಿದ. ಮಣ್ಣು ಮುಚ್ಚಿ, ಮೇಲೆ ಉತ್ತು, ಗುರುತೇ ಇಲ್ಲದಂತೆ ಮಾಡಿದ. ರಾತ್ರಿ ಹೊಟ್ಟೆತುಂಬ ಉಂಡು ಮಲಗಿದ, ಪಾಪಿ.

ಬೆಳಿಗ್ಗೆ ಕಲ್ಲು ಮನೆಯಿಂದ ಮೂವತ್ತು ಸುತ್ತಿನಲ್ಲಿತ್ತು.

ಯಾರದೋ ಕಿತಾಪತಿ ಎಂದು ಬೈದು, ಎತ್ತು ಕಟ್ಟಿ ಎಳೆಸಿ, ಮತ್ತೆ ಅರವತ್ತಕ್ಕೆ ಹಾಕಿ ಬಂದ. ಮರುದಿನ ಅದು ಹದಿನೈದರಲ್ಲಿತ್ತು. ಅದರಡಿಯಲ್ಲಿ ಎತ್ತು ಬಿದ್ದಿತ್ತು, ಪಕ್ಕೆಲುಬು ಹೊರಗೆ ಚುಚ್ಚಿಕೊಂಡು, ಇನ್ನೂ ಉಸಿರಾಡುತ್ತ. ಗಾಳಿಯಲ್ಲಿ ರಕ್ತದ ವಾಸನೆ, ಜೊತೆಗೆ ಸುಟ್ಟ ಇದ್ದಿಲಿನ ವಾಸನೆ.

“ಏನು ಮಾಡಿದೀರಿ ನೀವು?” ಹೆಂಡತಿ ಗುರೋ ಕೇಳಿದಳು. “ಮಾರ್ತೆಯಮ್ಮ ಎರಡು ದಿನದಿಂದ ಕಾಣಿಸ್ತಿಲ್ಲ.”

“ಬಾಯಿ ಮುಚ್ಚು,” ಎಂದು ಕೊಡಲಿ ಎತ್ತಿ ಎತ್ತಿನ ನರಳಾಟ ನಿಲ್ಲಿಸಿದ.

ಮೂರನೆಯ ಬೆಳಿಗ್ಗೆ ಓಸ್ನೆಯ ಚೀರಾಟಕ್ಕೆ ಇಬ್ಬರೂ ಎದ್ದರು. ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆಯ ಗೋಡೆ ಒಳಕ್ಕೆ ಕುಸಿದಿತ್ತು. ಕಲ್ಲು ಮಗುವಿನ ಹಾಸಿಗೆಯ ಮೇಲಿತ್ತು. ಅದರಡಿಯಲ್ಲಿ ಅವಳ ಎಡಗೈ. ಸನ್ನೆಕೋಲು ಹಾಕಿ ಬಿಡಿಸುವಷ್ಟರಲ್ಲಿ ಮೂರು ಬೆರಳು ಜಜ್ಜಿಹೋಗಿದ್ದವು. ಕಲ್ಲು ಸುಮ್ಮನಿರಲಿಲ್ಲ. ನೆಲದ ಮೇಲೆ ಗರಗರ ಉಜ್ಜುತ್ತ ಮಗುವಿನ ತಲೆಯ ಕಡೆಗೇ ತೆವಳುತ್ತಿತ್ತು.

“ತಗೊಂಡಲ್ಲಿ ಇಟ್ಟು ಬನ್ನಿ!” ಗುರೋ ಕಿರುಚಿದಳು. “ಎಲ್ಲಿಂದ ತಂದ್ರೋ ಅಲ್ಲೇ!”

ಐವಿಂದ್ ಕಲ್ಲನ್ನು ಅಪ್ಪಿ ಎತ್ತಿದ. ಎತ್ತು ಎಳೆದ ಭಾರ ಅದು, ಆದರೂ ಎದ್ದಿತು. ಎದ್ದದ್ದು ಎದೆಯನ್ನು ಅದುಮಿತು. ಹೊಲದಲ್ಲಿ ಓಡಿದ. ಎಲ್ಲಿ ಇಡಬೇಕು? ಎಲ್ಲಾ ಒಂದೇ ಕಪ್ಪು ಮಣ್ಣು. ಗುರುತು ಅಳಿಸಿದವನು ತಾನೇ. ಇಳಿಸಿದರೆ ಮನೆಯ ಕಡೆ ಹೊರಡುತ್ತದೆ. ಎತ್ತಿದರೆ ಎದೆಗೂಡು ಲಟಕ್ಕೆನ್ನುತ್ತದೆ. ಬಾಯಲ್ಲಿ ರಕ್ತ. ಕಣ್ಣಿಗೆ ಕತ್ತಲೆ.

“ಓಸ್ನೇ!” ಕೂಗಿದ. “ಎಣಿಸು ಮಗಾ! ನಲವತ್ತು ಎಣಿಸು!”

ಗುರೋ ಉಳಿದ ಎತ್ತನ್ನು ಬಂಡಿಗೆ ಹೂಡಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮನೆಬಾಗಿಲಿಂದ ಬಂಡಿ ಹೊಡೆದಳು. ಕೆಂಪು ಚಿಂದಿ ಮೇಲೆ ಬಂತು, ಕೆಳಗೆ ಹೋಯಿತು. ಓಸ್ನೆ ಬಿಕ್ಕುತ್ತ ಎಣಿಸಿದಳು. ಮೂವತ್ತೆಂಟು. ಮೂವತ್ತೊಂಬತ್ತು.

“ನಲವತ್ತು, ಅಪ್ಪಾ!”

ಅವನು ಅಲ್ಲೇ ಮಂಡಿಯೂರಿದ. ಮಣ್ಣು ಬಾಯಿ ಬಿಟ್ಟಿತು. ಒಳಗಿಂದ ಎರಡು ಮುದಿ ಕೈಗಳು ಬಂದವು. ಕಲ್ಲನ್ನು ಹಿಡಿಯಲಿಲ್ಲ. ಅವನ ಕತ್ತನ್ನು ಹಿಡಿದವು. ಎಳೆದವು. ಮೂಳೆ ಮುರಿದ ಸದ್ದು. ಗುರೋ ಮಗುವಿನ ಕಣ್ಣು ಮುಚ್ಚಿದಳು. ತಾನು ಮಾತ್ರ ಎಲ್ಲವನ್ನೂ ನೋಡಿದಳು.

ಮಣ್ಣು ಕೂಡಿಕೊಂಡಿತು. ಮೇಲೆ ಕಲ್ಲು ನೆಟ್ಟಗೆ ನಿಂತಿತ್ತು.

ಗುರೋ ಅಲ್ಲಿ ಅಗೆಯಲಿಲ್ಲ, ಕಲ್ಲನ್ನು ಮುಟ್ಟಲೂ ಇಲ್ಲ. ಐದು ವರ್ಷ ತುಂಬಿದಾಗ ವಿಚಾರಣೆಗೆ ಬಂದ ಸರ್ಕಾರಿ ಗುಮಾಸ್ತ ಕಾಗದ ಬಿಚ್ಚಿ ಕೇಳಿದ:

“ಯಜಮಾನರು ಇಲ್ಲೇ ವಾಸ ಇದಾರಾ? ಬಿಟ್ಟು ಹೋಗಿಲ್ಲ ತಾನೇ?”

“ಒಂದು ದಿನವೂ ಬಿಟ್ಟು ಹೋಗಿಲ್ಲ,” ಎಂದಳು ಗುರೋ. “ಮೂಲೆ ಕಾಯ್ತಿದಾರೆ.”

ಪಕ್ಕದಲ್ಲಿದ್ದ ಓಸ್ನೆ ಎಡಗೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಳು.